ಪಠ್ಯಕ್ಕೊಂದು ಪ್ರಬಂಧ

ಪಠ್ಯಪುಸ್ತಕದಲ್ಲಿ ಇನ್ನೊಂದೇ ಪ್ರಬಂಧಕ್ಕೆ ಜಾಗ ಉಳಿದಿತ್ತು. ಕಣದಲ್ಲಿದ್ದವರು ಇಬ್ಬರು: ನಿವೃತ್ತ ಕುಲಪತಿ ಚೆನ್ನವೀರಯ್ಯ ಮತ್ತು ಹೈಸ್ಕೂಲು ಶಿಕ್ಷಕಿ ಭಾಗೀರಥಿ ಹುಲ್ಮನಿ. ಆಯ್ಕೆ ಸಮಿತಿಯ ಅಧ್ಯಕ್ಷರು ಎರಡನ್ನೂ ಓದಿರಲಿಲ್ಲ. ಹಾಗಾಗಿ ಸದಸ್ಯೆ ವಿಮಲಾಕ್ಷಿ ಗಟ್ಟಿಯಾಗಿ ಓದಬೇಕಾಯಿತು.

"ಇದು ಕುಲಪತಿಗಳದು" ಎಂದು ಹೇಳಿ, ಸರ್ಕಾರಿ ಆಸ್ಪತ್ರೆಯ ಸಾಲಿನಲ್ಲಿ ಕಳೆದ ಒಂದು ಬೆಳಗಿನ ಪ್ರಬಂಧವನ್ನು ಓದಿದರು. ಅಧ್ಯಕ್ಷರು ಮೇಜು ಕುಟ್ಟಿ ನಕ್ಕರು. ಕೊನೆಗೆ ಕಣ್ಣೊರೆಸಿಕೊಂಡರು.

"ನೋಡಿ, ನಗಿಸ್ತಾನೇ ಹೇಗೆ ಚುಚ್ತಾರೆ! ಉದ್ದೇಶ ಇಟ್ಕೊಂಡು ಬರೆಯೋದು ಅಂದ್ರೆ ಇದು."

ಆಮೇಲೆ ಶಿಕ್ಷಕಿಯದು ಎಂದು, ಅಜ್ಜನ ಹಳೆಯ ಛತ್ರಿಯ ಮೇಲಿನ ಪ್ರಬಂಧವನ್ನು ಓದಿದರು. ಅಧ್ಯಕ್ಷರು ಅರ್ಧಕ್ಕೇ ಕೈಯೆತ್ತಿ ನಿಲ್ಲಿಸಿದರು.

"ಸಾಕು ನಿಲ್ಸಿ. ತಾನು ಮುಡಿಯೋ ಹೂವನ್ನೆಲ್ಲ ವಾಕ್ಯಕ್ಕೆ ಮುಡಿಸಿದ್ದಾಳೆ. ಬರೀ ಶೈಲಿ. ಹೇಳೋಕೆ ಏನಾದ್ರೂ ಇದೆಯಾ? ಇವರಿಗೆಲ್ಲ ಪ್ರಬಂಧ ಯಾಕೆ ಬೇಕ್ರೀ?"

ವಿಮಲಾಕ್ಷಿ ಹಾಳೆಗಳನ್ನು ತಿರುಗಿಸಿ ನೋಡಿದರು.

"ಕ್ಷಮಿಸಿ ಸರ್, ಹೆಸರು ಅದಲುಬದಲಾಗಿ ಹೇಳಿಬಿಟ್ಟೆ. ಆಸ್ಪತ್ರೆ ಭಾಗೀರಥಿಯವರದು. ಛತ್ರಿ ಕುಲಪತಿಗಳದು."

ಉಳಿದ ಸದಸ್ಯರು ಚಹಾದ ಲೋಟ ನೋಡುತ್ತ ಕೂತರು. ವಿಮಲಾಕ್ಷಿಗೆ ಒಳಗೊಳಗೇ ಖುಷಿಯಾಯಿತು. ಇನ್ನು ಭಾಗೀರಥಿಯ ಪ್ರಬಂಧವನ್ನು ಯಾರೂ ತಡೆಯಲಾರರು.

ಅಧ್ಯಕ್ಷರು ಕನ್ನಡಕ ಒರೆಸಿ ಹಾಕಿಕೊಂಡು, ಕೈ ಚಾಚಿದರು.

"ತಪ್ಪು ನಿಮ್ಮ ಓದಿಂದು ಕಣ್ರೀ. ಆ ಛತ್ರಿ ಕೊಡಿ ಇಲ್ಲಿ, ನಾನು ಓದ್ತೀನಿ. ಅದರ ಆಳ ಆಗ ಗೊತ್ತಾಗುತ್ತೆ."