ಗಾಡಿ ನಿಂತಷ್ಟು ಹೊತ್ತಿನ ಹೊಳೆ

ಬತ್ತಿದ ನಮ್ಮ ಹೊಳೆ ಈಗ ಗಾಡಿ ನಿಂತಷ್ಟು ಹೊತ್ತು ಮಾತ್ರ ಹರಿಯುತ್ತದೆ. ಹಳೆಯ ಉಗಿಬಂಡಿಯಲ್ಲಿ ಬರುವ ಪ್ರವಾಸಿಗರಿಗಾಗಿ ಸ್ಟೇಷನ್ನಿನಲ್ಲಿ ಕೆಲಸಕ್ಕಿರುವ ನೀಲವ್ವ ವಾಲ್ವು ತಿರುಗಿಸಿ ಹೊಳೆಗೆ ನೀರು ಬಿಡುತ್ತಾಳೆ. ಗಾಡಿ ಹೊರಟೊಡನೆ ನಿಲ್ಲಿಸುತ್ತಾಳೆ. ನೀರಿನ ಜೊತೆ, ಹಿಂದೆ ಅದರಲ್ಲಿ ಮುಳುಗಿ ಸತ್ತವರೂ ಬರುತ್ತಾರೆ. ಯಾರೂ ಬೆಚ್ಚುವುದಿಲ್ಲ. ಟಿಕೆಟ್ಟಿನಲ್ಲಿ ಅದೂ ಸೇರಿದೆ, ಜನ ಫೋಟೊ ತೆಗೆದುಕೊಳ್ಳುತ್ತಾರೆ.

ಅವರಲ್ಲೊಬ್ಬ, ನೀಲವ್ವನ ಗಂಡ ಅಂಬಿಗರ ಯಮನೂರ, ದಿನಾ ಆಚೆ ದಡದಿಂದ ದೋಣಿ ಬಿಡುತ್ತಾನೆ. ನಡುಹೊಳೆಗೆ ಬರುವಷ್ಟರಲ್ಲಿ ಗಾಡಿ ಹೊರಡುತ್ತದೆ. ನೀರು ಇಂಗಿದಂತೆ ಅವನೂ ಇಲ್ಲವಾಗುತ್ತಾನೆ.

ಇವತ್ತು ಎಂಜಿನ್ ಕೆಟ್ಟು ಗಾಡಿ ಹೊರಡಲೇ ಇಲ್ಲ. ನೀಲವ್ವ ನರೆತ ಕೂದಲನ್ನು ಒತ್ತಿಕೊಂಡು, ಸೆರಗು ಸರಿಮಾಡಿಕೊಂಡು ಹೊಳೆಯ ಮೆಟ್ಟಿಲಿಳಿದಳು. ದೋಣಿ ದಡ ಮುಟ್ಟಿತು. ಮುಳುಗಿದ ದಿನದ ಹರೆಯವೇ ಅವನ ಮುಖದಲ್ಲಿತ್ತು.

"ಯವ್ವಾ," ಅಂದ ಆತ, "ನನ್ನ ಹೇಣ್ತಿ ನೀಲವ್ವ ಇಲ್ಲೇ ಕಾಯ್ತೀನಿ ಅಂದಿದ್ಳು. ಎಲ್ಲೆರ ಕಂಡಳೇನ?"

ಅವನ ಒದ್ದೆ ತಲೆ ಒರೆಸಲು ಎತ್ತಿದ್ದ ಸೆರಗನ್ನು ನೀಲವ್ವ ಹಿಂದಕ್ಕೆಳೆದುಕೊಂಡಳು.

"ಆಕಿ ಆಗಲೇ ಗಾಡಿ ಹತ್ತಿ ಹ್ವಾದ್ಳಪಾ."

ಗಾಡಿ ಇನ್ನೂ ನಿಂತೇ ಇತ್ತು. ಅವಳು ಮೇಲೆ ಬಂದು ವಾಲ್ವು ತಿರುಗಿಸಿ ನೀರು ನಿಲ್ಲಿಸಿದಳು.