ಹೇರೋಹಳ್ಳಿಯಲ್ಲಿ ಕಲಾಚಿತ್ರ

ಅರ್ಧ ಸಿನಿಮಾ ಮುಗಿದರೂ ಒಬ್ಬರೂ ಎದ್ದು ಹೋಗಲಿಲ್ಲ. ಸಿದ್ಧಾರ್ಥನಿಗೆ ಅನುಮಾನ ಶುರುವಾದದ್ದೇ ಆಗ.

ಅವನ ಸಿನಿಮಾಕ್ಕೆ ಜನ ಕೂರುವುದೆಂದರೇನು! ಹೋದ ತಿಂಗಳು ರಾಜಾಜಿನಗರದಲ್ಲಿ ಬುದ್ಧಿವಂತರಿಗೆಂದೇ ಒಂದು ಪ್ರದರ್ಶನ ಇಟ್ಟಿದ್ದ. ಬಂದವರೇ ಬೆರಳೆಣಿಕೆ. ಅವರೂ ಒಬ್ಬೊಬ್ಬರಾಗಿ ಫೋನು ಕಿವಿಗಿಟ್ಟುಕೊಂಡು ಹೊರಗೆ ಹೋದರು, ಹೋದವರು ಹೋದವರೇ. ಕೊನೆಗೆ ಉಳಿದವನು ಪ್ರೊಜೆಕ್ಟರ್ ಬಾಡಿಗೆಗೆ ಕೊಟ್ಟವನು. ಅವನೂ ಗೊರಕೆ ಹೊಡೆಯುತ್ತಿದ್ದ.

ಇಲ್ಲಿ ನೋಡಿದರೆ ಹೇರೋಹಳ್ಳಿಯ ಸಮುದಾಯ ಭವನ ತುಂಬಿ ತುಳುಕುತ್ತಿದೆ. ಗಂಡಸರು ಇಸ್ತ್ರಿ ಅಂಗಿ, ಹೆಂಗಸರು ರೇಷ್ಮೆ ಸೀರೆ. ಕಲೆಗೆ ಇಷ್ಟು ಮರ್ಯಾದೆಯೇ ಎಂದು ಅವನ ಎದೆ ಉಬ್ಬಿತು.

ಇವತ್ತು ಜನ ಕೂರಲೇಬೇಕಿತ್ತು. ದುಡ್ಡು ಹಾಕಿದ ದೊಡ್ಡಪ್ಪ ಕೃಷ್ಣಪ್ಪ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು. “ಅರ್ಧ ಹಾಲ್ ಜನ ಕೊನೇವರ್ಗೂ ಕೂತ್ರೆ ಇನ್ನೊಂದು ಪಿಚ್ಚರ್ ತೆಗಿ, ನಾನಿದೀನಿ. ಎದ್ದು ಹೋದ್ರೆ ನಾಳೆಯಿಂದ ಮಾಗಡಿ ರೋಡ್ ಅಂಗಡೀಲಿ ಕೂತ್ಕೊಂಡು ಪೈಪು, ನಲ್ಲಿ ಮಾರು. ಮತ್ತೆ ಪಿಚ್ಚರ್ ಅಂತ ಬಾಯಿ ಬಿಡ್ಬಾರ್ದು.”

ಜನರನ್ನು ಕರೆಯುವ ಕೆಲಸ ದೊಡ್ಡಮ್ಮ ಮುನಿತಾಯಮ್ಮನದು. ಬೆಳ್ಳಿಯ ಕುಂಕುಮದ ಬಟ್ಟಲು ಹಿಡಿದು ಮನೆಮನೆಗೆ ಹೋಗಿ, “ಭಾನುವಾರ ನಮ್ಮ ಸಿದ್ಧಾರ್ಥಂದು, ತಪ್ಪಿಸ್ಬೇಡಿ” ಎಂದು ಕರೆದು ಬಂದಿದ್ದಳು. ಯಾವುದಕ್ಕೆ ಕರೆದರೂ ಅವಳದು ಅದೇ ಕ್ರಮ. ಹಿಂದೊಮ್ಮೆ ಬೋರ್‌ವೆಲ್ ಪೂಜೆಗೂ ಹಾಗೇ ಕರೆದಿದ್ದಳು.

ಸಿನಿಮಾದಲ್ಲಿ ಇರುವುದು ಇಷ್ಟೇ. ಕವಿ ಪದ್ಮಗಿರಿ, ವೀಣೆ ಚಂಪಕಮ್ಮ. ಒಂದೇ ಕಾಲದವರು, ಇಬ್ಬರೂ ನಾಡೆಲ್ಲ ಹೆಸರಾದವರು, ಬದುಕಿನಲ್ಲಿ ಒಮ್ಮೆಯೂ ಎದುರುಬದುರಾಗಲಿಲ್ಲ. ಆಗಿದ್ದರೆ? ನಟನಿಗೆ ಕೊಡಲು ಕಾಸಿಲ್ಲದೆ ಕವಿಯ ಪಾತ್ರ ಸಿದ್ಧಾರ್ಥನೇ ಮಾಡಿದ್ದ. ಚಂಪಕಮ್ಮನಾದವಳು ರಂಜಿನಿ, ಹಗಲು ಬ್ಯಾಂಕು, ಸಂಜೆ ನಾಟಕ. ಪರದೆಯ ಮೇಲೆ ಇಬ್ಬರೂ ಜ್ಞಾನಭಾರತಿಯ ಮರಗಳ ನಡುವೆ ನಡೆಯುತ್ತಾರೆ. ಅವನು ನೋಡುತ್ತಾನೆ, ಅವಳು ನೋಡುವುದಿಲ್ಲ. ಆಮೇಲೆ ಅವಳು ನೋಡುತ್ತಾಳೆ. ಮಾತೇ ಇಲ್ಲ, ಹಿಂದೆ ವೀಣೆಯ ನಾದವೊಂದೇ. ಪ್ರಚಾರಕ್ಕಾಗಲಿ ಎಂದು ಇವತ್ತೂ ಇಬ್ಬರೂ ಅದೇ ವೇಷದಲ್ಲಿ ಬಂದಿದ್ದರು. ಅವನ ತಲೆಗೆ ಹಳೇ ಕಾಲದ ಜರಿಪೇಟ, ಅವಳಿಗೆ ಮೈಸೂರು ರೇಷ್ಮೆ.

ಪಕ್ಕದಲ್ಲಿ ಕೂತಿದ್ದ ಹಿಂದಿನ ಬೀದಿಯ ನೀಲಮ್ಮಜ್ಜಿ ಅವನ ಮೊಣಕೈ ತಿವಿದಳು.

“ಹುಡುಗಿ ಲಕ್ಷಣವಾಗಿದಾಳೆ ಕಣಪ್ಪ. ಎಲ್ಲಿ ಸಿಕ್ಳು?”

“ಬಸವೇಶ್ವರನಗರದಲ್ಲಿ ಅಜ್ಜಿ. ಒಂದು ನಾಟಕದಲ್ಲಿ ನೋಡ್ದೆ. ನೋಡಿದ ತಕ್ಷಣ ಇವಳೇ ಅಂತ ಡಿಸೈಡ್ ಮಾಡ್ಬಿಟ್ಟೆ.”

“ಮನೇಲಿ ಒಪ್ಕೊಂಡ್ರಾ?”

“ಅವರಪ್ಪ ಆಗಲ್ಲ ಅಂದ್ರು. ನಾನೇ ಹೋಗಿ ಕೈಮುಗಿದು ಒಪ್ಪಿಸ್ದೆ.”

“ಗಂಡು ಅಂದ್ರೆ ಹಿಂಗಿರ್ಬೇಕು” ಎಂದು ನೀಲಮ್ಮ ಅವನ ಕೆನ್ನೆ ಸವರಿ ನೆಟಿಕೆ ಮುರಿದಳು. ಸಿನಿಮಾ ಮಾಡುವವರ ಕಷ್ಟ ಈ ಮುದುಕಿಗೆ ಅರ್ಥವಾಯಿತಲ್ಲ ಎಂದು ಸಿದ್ಧಾರ್ಥನಿಗೆ ಹಿಗ್ಗೋ ಹಿಗ್ಗು.

ಆದರೂ ಅನುಮಾನ ಬಿಡಲಿಲ್ಲ. ಹಿಂದಿನ ಬಾಗಿಲಿನಿಂದ ಬಿಸಿಬೇಳೆ ಬಾತಿನ ಘಮ ಬರುತ್ತಿತ್ತು. ಜನರನ್ನು ಕರೆದು ಬರಿಹೊಟ್ಟೆಯಲ್ಲಿ ಕಳಿಸುವವರಲ್ಲ ದೊಡ್ಡಪ್ಪ. ಹಾಗಾದರೆ ಇವರೆಲ್ಲ ಊಟಕ್ಕೋಸ್ಕರ ಕೂತಿದ್ದಾರೆಯೇ? ಥೂ! ಬಾತಿಗೆ ಕಾಯುವ ಜನರನ್ನು ತೋರಿಸಿ ಗೆಲ್ಲುವುದೂ ಒಂದು ಗೆಲುವೇ?

ಇಂಟರ್‌ವಲ್‌ನಲ್ಲಿ ಅವನೇ ಮೈಕ್ ಹಿಡಿದ. “ಊಟ ರೆಡಿ ಇದೆ. ಹಸಿವಾದವ್ರು ಈಗ್ಲೇ ಹೋಗ್ಬಹುದು. ನಾನೇನೂ ಬೇಜಾರು ಮಾಡ್ಕೊಳಲ್ಲ.”

ಕೃಷ್ಣಪ್ಪ ಹುಬ್ಬು ಗಂಟಿಕ್ಕಿದರು. ರಂಜಿನಿ ಉಗುರು ಕಚ್ಚಿದಳು. ಸಿದ್ಧಾರ್ಥ ಮೈಕ್ ಹಿಡಿದೇ ಒಂದೊಂದು ಸಾಲನ್ನೂ ನೋಡಿದ.

ಒಂದು ಕುರ್ಚಿಯೂ ಅಲುಗಲಿಲ್ಲ.

“ಮೊದ್ಲೇ ಹೋಗಿ ಉಣ್ಣಕ್ಕೆ ನಾವೇನು ಮರ್ಯಾದೆ ಬಿಟ್ಟವ್ರಾ?” ಹಿಂದಿನ ಸಾಲಿನಿಂದ ರಿಟೈರ್ಡ್ ಮೇಷ್ಟ್ರು ಸೋಮಲಿಂಗಪ್ಪ ಗದರಿದರು. “ನೀನು ಹಾಕಪ್ಪ. ಎಲ್ಲ ಮುಗ್ಸಿಕೊಂಡೇ ಊಟ.”

“ಅರ್ಥ ಆಗ್ತಾ ಇದ್ಯಾ ಸಾರ್?” ಸಿದ್ಧಾರ್ಥ ಅಂಜುತ್ತ ಕೇಳಿದ.

“ಅರ್ಥ ಆಗ್ದೆ ಇರಕ್ಕೆ ಇದ್ರಲ್ಲಿ ಏನಿದೆ? ಇಬ್ರಿಗೂ ಇಷ್ಟ. ಅಷ್ಟೇ ತಾನೆ?”

ಬುದ್ಧಿವಂತರ ತಲೆಗೆ ಹೋಗದ್ದು ಹೇರೋಹಳ್ಳಿಯವರ ತಲೆಗೆ ಒಂದೇ ಏಟಿಗೆ ಹೋಗಿತ್ತು. ಅನುಮಾನಪಟ್ಟದ್ದಕ್ಕೆ ಸಿದ್ಧಾರ್ಥ ತನ್ನನ್ನೇ ಬೈದುಕೊಂಡ.

ಕೊನೆಯ ದೃಶ್ಯ. ಕವಿ ಸಂಪಿಗೆ ಹೂವನ್ನು ಚಂಪಕಮ್ಮನ ಅಂಗೈಯಲ್ಲಿ ಇಡುತ್ತಾನೆ. ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಪರದೆ ಕಪ್ಪಾಯಿತು. ಚಪ್ಪಾಳೆ, ಶಿಳ್ಳೆ!

ಕೃಷ್ಣಪ್ಪ ಎದ್ದು ಬಂದು ಅವನನ್ನು ಬಾಚಿ ತಬ್ಬಿಕೊಂಡರು. “ಗೆದ್ದೆ ಕಣೋ! ನನಗೆ ಒಂದು ಅಕ್ಷರ ತಿಳೀಲಿಲ್ಲ, ಆದ್ರೆ ಜನ ಸುಮ್ನೆ ಕೂರ್ತಾರಾ? ಮುಂದಿನ ಪಿಚ್ಚರೂ ನಂದೇ. ಆಡಿದ ಮಾತಿಗೆ ತಪ್ಪಲ್ಲ ನಾನು.” ಸಿದ್ಧಾರ್ಥನಿಗೆ ಅಳುವೇ ಬಂದುಬಿಟ್ಟಿತು. ಇಷ್ಟು ವರ್ಷ ಪಟ್ಟ ಪಾಡೆಲ್ಲ ಸಾರ್ಥಕ ಅನ್ನಿಸಿತು.

ಅಷ್ಟರಲ್ಲಿ ಇಡೀ ಹಾಲ್ ಎದ್ದು ಅವನತ್ತ ಸಾಲುಗಟ್ಟಿತು. ಎಲ್ಲರಿಗೂ ಮುಂದೆ ನೀಲಮ್ಮ. ಆಟೋಗ್ರಾಫ್! ಅವನು ರಂಜಿನಿಗೆ ಕಣ್ಣು ಹೊಡೆದು ಜೇಬಿನಿಂದ ಪೆನ್ನು ತೆಗೆದ.

“ಪೆನ್ ಒಳಗಿಡಪ್ಪ,” ನೀಲಮ್ಮ ಸೊಂಟದಿಂದ ಒಂದು ಕವರ್ ಹೊರಗೆಳೆದಳು. “ಪ್ರೀ-ವೆಡ್ಡಿಂಗ್ ವಿಡಿಯೋ ಸ್ವಲ್ಪ ಉದ್ದ ಆಯ್ತು, ಇರ್ಲಿ ಬಿಡು, ಈಗ ಇಬ್ರೂ ಜೊತೇಲಿ ನಿಂತ್ಕೊಳ್ಳಿ, ಅಕ್ಷತೆ ಹಾಕಿ ಮುಯ್ಯಿ ಕೊಟ್ಟು ಊಟಕ್ಕೆ ಕೂರ್ತೀವಿ.”