ಮರುಬಡಿತ

ಮಂಚದ ಕಬ್ಬಿಣದ ಕಂಬಿಗೆ ಗಂಡನ ಬೆರಳು ಮತ್ತೆ ಮೂರು ಸಲ ಬಡಿಯಿತು. ಅವಳು ಚಮಚದಲ್ಲಿ ನೀರು ಹಿಡಿದಳು; ತುಟಿ ತೆರೆಯಲಿಲ್ಲ. ದಿಂಬು ಸರಿಪಡಿಸಿದಳು, ಕಿಟಕಿ ತೆರೆದಳು. ಗಣಿಯಿಂದ ಕಾರ್ಮಿಕ ಸಂಘಕ್ಕೆ, ಅಲ್ಲಿಂದ ಶಾಸನಸಭೆಗೆ ಬರೀ ಗಂಟಲಿನ ಬಲದಿಂದ ಏರಿದ ಮನುಷ್ಯ. ಪಾರ್ಶ್ವವಾಯು ಬಡಿದ ಮೇಲೆ ಉಳಿದದ್ದು ಈ ಒಂದು ಬೆರಳು. ಅದರ ಮಾತು ಅವಳಿಗೆ ತಿಳಿಯುತ್ತಿರಲಿಲ್ಲ.

“ಏನಪ್ಪಾ ಲೀಡರ್, ಕೊನೆಗೂ ನಿನ್ನ ಬಾಯಿ ಮುಚ್ಚಿತಲ್ಲ. ಮಾಲೀಕರ ಕೈಲೇ ಆಗಿರಲಿಲ್ಲ” ಎನ್ನುತ್ತ ಹಳೆಯ ಗೆಳೆಯ ಒಳಗೆ ಬಂದ. ಗಣಿಯ ಮೇಲೆ ಕೂತು, ಆಳುಗಳನ್ನು ಇಳಿಸಿ ಏರಿಸುವ ಯಂತ್ರ ನಡೆಸುತ್ತಿದ್ದವನು. ಬೆರಳು ಬಡಿಯಿತು. ಅವನ ನಗು ನಿಂತಿತು.

“ಬೆಳಗಿನಿಂದ ಹೀಗೇ. ಏನು ಬೇಕೋ ಗೊತ್ತಾಗ್ತಿಲ್ಲ” ಎಂದಳು.

“ಏನೂ ಬೇಡ ಅತ್ತಿಗೆ. ಗಣಿಲಿ ಮೂರು ಬಡಿದ್ರೆ, ಕೆಲಸ ಮುಗೀತು, ಲಿಫ್ಟ್ ಹತ್ತಿ ನಿಂತಿದೀನಿ, ಮೇಲೆ ಎಳ್ಕೊಳ್ಳಿ ಅಂತ.” ಅವನು ಕಣ್ಣು ತಪ್ಪಿಸಿದ. “ಮೇಲಿನವರು ಮೂರು ವಾಪಸ್ ಬಡೀಬೇಕು. ಅಲ್ಲೀವರೆಗೂ ಕೆಳಗಿನವನು ಕಾಯ್ತಾನೇ ಇರ್ತಾನೆ.”

“ನೀವೇ ಬಡೀರಿ.”

“ಅಲ್ಲಿ ನಾನೇ ಬಡೀತಿದ್ದೆ. ಇದು ನನ್ನ ಕೆಲಸ ಅಲ್ಲ ಅತ್ತಿಗೆ.”

ಅವಳು ಚಮಚ ಕೆಳಗಿಟ್ಟಳು. ಕಂಬಿಯ ಮೇಲೆ ಚೆಲ್ಲಿದ್ದ ನೀರನ್ನು ಅಂಗೈಯಿಂದ ಒರೆಸಿದಳು. ಒಣಗಿದ ಮೇಲೂ ಒರೆಸುತ್ತಲೇ ಇದ್ದಳು. ಆಮೇಲೆ ಬೆರಳು ಮಡಿಸಿ ಒಂದು ಸಲ ಬಡಿದಳು. ಇನ್ನೊಂದು ಸಲ ಬಡಿದಳು. ಗಂಡನ ಕಣ್ಣು ಅವಳನ್ನೇ ನೋಡುತ್ತಿತ್ತು. ಅವನ ಹಣೆಯ ಮೇಲಿನ ಕೂದಲನ್ನು ನಿಧಾನವಾಗಿ ಹಿಂದಕ್ಕೆ ಸರಿಸಿದಳು.

ಅವಳ ಮೂರನೆಯ ಬಡಿತ ಕೇಳಿಸಿದ ಮೇಲೆ ಗಂಡನ ಬೆರಳು ಕಂಬಿಯನ್ನು ಬಿಟ್ಟಿತು.